ದಯವಿಟ್ಟು ಎಂದರೆ ಕೂರುವ ಮರಿ

ಮಹಡಿಯ ಒಂಟಿ ಕೋಣೆಯ ಬಾಡಿಗೆದಾರನನ್ನು ಆ ಕಟ್ಟಡದವರೆಲ್ಲ ಫೋನಪ್ಪ ಎನ್ನುತ್ತಿದ್ದರು. ಬಟ್ಟೆ ಒಗೆಯುವ ಯಂತ್ರದ ಕಂಪನಿಯೊಂದರ ಪರವಾಗಿ ಗ್ರಾಹಕರಿಂದ ಬೈಸಿಕೊಳ್ಳುವುದು ಅವನ ಉದ್ಯೋಗ. ಕಂಪನಿ ಅದಕ್ಕೆ ಬೇರೆ ಚಂದದ ಹೆಸರಿಟ್ಟಿತ್ತು. ಮನೆಯಿಂದಲೇ ಕೆಲಸ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಚಡ್ಡಿ, ಕಿವಿಗೆ ಹೆಡ್‌ಫೋನ್. ದಿನವಿಡೀ ಮಾತಾಡಿದರೂ ಸ್ವಂತದ ಮಾತು ಒಂದೂ ಇರುತ್ತಿರಲಿಲ್ಲ. "ದಯವಿಟ್ಟು ಲೈನಿನಲ್ಲೇ ಇರಿ", "ನಿಮ್ಮ ದೂರು ದಾಖಲಾಗಿದೆ", "ನಿಮ್ಮ ತಾಳ್ಮೆಗೆ ಧನ್ಯವಾದ" ಎಲ್ಲವೂ ಕಂಪನಿ ಕಲಿಸಿಕೊಟ್ಟದ್ದು. ತನ್ನದೆಂದು ಅವನು ಸೇರಿಸಿದ್ದು ಒಂದೇ: ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಸಣ್ಣ ಕೆಮ್ಮು.

ಅವನ ಅಕ್ಕ ದಿಕ್ಕಿಲ್ಲದ ನಾಯಿಗಳ ಆಶ್ರಯಧಾಮದಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಪಂಜರ ಸಾಲದೆ, ಕಂದು ಬಣ್ಣದ ಮರಿಯೊಂದನ್ನು ತಂದು ತಮ್ಮನ ಕೋಣೆಯಲ್ಲಿ ಇಳಿಸಿದಳು. ಒಂದು ಕಿವಿ ನೆಟ್ಟಗಿತ್ತು, ಇನ್ನೊಂದು ರಜೆಯ ಮೇಲಿತ್ತು.

"ಪ್ರೀತಿಯಿಂದ ನೋಡ್ಕೊಳ್ಳೋರು ಸಿಗೋವರೆಗೆ ಇಟ್ಕೋ. ಅಷ್ಟರಲ್ಲಿ ಹೇಳಿದ ಮಾತು ಕೇಳೋದು ಕಲಿಸು. ಕಲಿತ ಮರಿ ಬೇಗ ಹೋಗುತ್ತೆ."

"ನಾನು ಕಲಿಸೋದಾ?"

"ನಿನಗಿಂತ ಬೇಗ ಕಲಿಯುತ್ತೆ ಬಿಡು."

ಸಂಜೆ ಕೆಲಸ ಮುಗಿಸಿ ಫೋನಪ್ಪ ಪಾಠಕ್ಕೆ ಕೂರುತ್ತಿದ್ದ. ಕೂತ್ಕೋ, ಬಿಡು, ಬಾ. ಮರಿ ಆಗೊಮ್ಮೆ ಈಗೊಮ್ಮೆ ಕೂರುತ್ತಿತ್ತು. ಮಾತು ಕೇಳಿ ಕೂತಿತೋ, ಬೇಜಾರಾಗಿ ಕೂತಿತೋ ಎಂದು ಮೇಷ್ಟ್ರು ವಿಚಾರಿಸಲಿಲ್ಲ. "ಪೂರ್ತಿ ತರಬೇತಿ ಆಗಿದೆ ಅಕ್ಕಾ" ಎಂದುಬಿಟ್ಟ. ಅಕ್ಕ ಅದನ್ನೇ ಊರಿಗೆಲ್ಲ ಸಾರಿದಳು.

ಅಷ್ಟರಲ್ಲಿ ಕಂಪನಿ, ಸೋಮವಾರದಿಂದ ಎಲ್ಲರೂ ಕಚೇರಿಗೇ ಬರಬೇಕೆಂದಿತು. ಖಾಲಿ ಕೋಣೆಯಲ್ಲಿ ಮರಿಯನ್ನು ಬಿಟ್ಟುಹೋಗುವಂತಿಲ್ಲ. ಭಾನುವಾರದೊಳಗೆ ಯಾರೂ ಒಪ್ಪದಿದ್ದರೆ ಮತ್ತೆ ಪಂಜರ. ಹಿಂದೆ ಪಂಜರದಲ್ಲಿದ್ದಾಗ ಅದು ಅನ್ನ ಮುಟ್ಟಿರಲಿಲ್ಲವೆಂದು ಅಕ್ಕ ಹೇಳಿದ್ದು ಫೋನಪ್ಪನ ತಲೆಯಿಂದ ಇಳಿಯಲೇ ಇಲ್ಲ.

ಶನಿವಾರ ಬೆಳಿಗ್ಗೆ, ಅವನು ಕೆಲಸದ ಮೇಲಿದ್ದಾಗಲೇ, ಹಲ್ಲಿನ ಡಾಕ್ಟರು ಹೆಂಡತಿಯೊಡನೆ ಮರಿ ನೋಡಲು ಬಂದರು. ಫೋನಪ್ಪ ಗತ್ತಿನಿಂದ "ಕೂತ್ಕೋ" ಎಂದ. ಮರಿ ಡಾಕ್ಟರು ಬಾಗಿಲಲ್ಲಿ ಕಳಚಿಟ್ಟಿದ್ದ ಬೂಟೊಂದನ್ನು ಕಚ್ಚಿಕೊಂಡು ಕೋಣೆಯ ಸುತ್ತ ಓಡಿತು. "ಬಿಡು" ಎಂದ. ಇನ್ನೊಂದು ಸುತ್ತು ಓಡಿತು. ಆಗ ಯಾರದೋ ಕರೆ ಬಂತು. ಅವನು ಅಭ್ಯಾಸಬಲದಿಂದ ಕೆಮ್ಮಿ, "ದಯವಿಟ್ಟು ಲೈನಿನಲ್ಲೇ ಇರಿ" ಎಂದ.

ಮರಿ ಫೋಟೋಗೆ ಕೂತಂತೆ ಕೂತುಬಿಟ್ಟಿತು.

"ನಿಮ್ಮ ದೂರು ದಾಖಲಾಗಿದೆ" ಎಂದಾಗ ಬೂಟು ಬಾಯಿಂದ ಜಾರಿತು. "ನಿಮ್ಮ ತಾಳ್ಮೆಗೆ ಧನ್ಯವಾದ" ಎಂದಾಗ ಎದ್ದುಹೋಗಿ ಬಿಸ್ಕತ್ತಿನ ಡಬ್ಬದ ಮುಂದೆ ನಿಂತಿತು.

ಫೋನಪ್ಪನಿಗೆ ಆಗ ಹೊಳೆಯಿತು. ಕರೆಯ ನಡುವೆ ಬೊಗಳದಿರಲೆಂದು ಅವನು ಒಂದೊಂದು ವಾಕ್ಯಕ್ಕೆ ಒಂದೊಂದು ತುಂಡು ಬಿಸ್ಕತ್ತು ಎಸೆಯುತ್ತಿದ್ದ. ಸಂಜೆಯ ಪಾಠವೆಲ್ಲ ನೀರಿನಲ್ಲಿ ಹೋಮ. ಮರಿ ಕಲಿತದ್ದು ಹಗಲಿನ ನೌಕರಿಯನ್ನು.

"ದಯವಿಟ್ಟು…" ಎಂದು ಡಾಕ್ಟರು ಕೆಮ್ಮಿಲ್ಲದೆ ಶುರುಮಾಡಿದರು. ಮರಿ ಇನ್ನೊಂದು ಬೂಟು ಎತ್ತಿಕೊಂಡಿತು.

"ಬನ್ನಿ ಹೋಗೋಣ," ಎಂದರು ಹೆಂಡತಿ. "ಮದುವೆಯಾದಾಗಿಂದ ನನಗೇ ಒಂದಿನ ದಯವಿಟ್ಟು ಅಂದಿಲ್ಲ ನೀವು. ನಾಯಿಗೆ ದಿನಾ ಅಂತೀರಾ?"

ಆಮೇಲೆ ಬಂದವರು ನಿವೃತ್ತ ಡ್ರಿಲ್ ಮೇಷ್ಟ್ರು. "ಧನ್ಯವಾದ ಗಿನ್ಯವಾದ ನಮ್ಮಲ್ಲಿಲ್ಲ" ಎಂದವರೇ ಒಂದು ಅಬ್ಬರ ಹಾಕಿದರು. ಮರಿ ಮಂಚದ ಕೆಳಗೆ ಸೇರಿತು. ಎದೆ ಸೆಟೆಸಿ ನೆಟ್ಟಗೆ ನಿಂತದ್ದು ಫೋನಪ್ಪ ಒಬ್ಬನೇ.

ಮಧ್ಯಾಹ್ನ, ಅವನು ಮನಸ್ಸಿನಲ್ಲೇ ಬಕೆಟ್ ಅಮ್ಮ ಎಂದು ಕರೆಯುತ್ತಿದ್ದ ಗ್ರಾಹಕರೊಬ್ಬರ ಕರೆ ಬಂತು. ಆಕೆಯ ಯಂತ್ರ ಸೋರುತ್ತಿತ್ತು. ಕೆಳಗೆ ಬಕೆಟ್ ಇಟ್ಟುಕೊಂಡು ವಾರ ವಾರವೂ ಫೋನ್ ಮಾಡಿ, "ಆ ಕೆಮ್ಮೋ ಹುಡುಗನಿಗೇ ಕೊಡಿ" ಎಂದು ಹಟ ಹಿಡಿಯುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಮಂಚದ ಕೆಳಗಿನಿಂದ ಮರಿ ಬೊಗಳಿತು.

"ಯಾರದು? ನಿಮ್ಮ ಮೇಲಧಿಕಾರಿಗಳಾ?"

"ನಾಯಿಮರಿ ಅಮ್ಮಾ. ನಾಳೆಯೊಳಗೆ ಅದಕ್ಕೊಂದು ಮನೆ ಸಿಗಬೇಕು," ಎಂದು ಶುರುಮಾಡಿದವನು ಎಲ್ಲವನ್ನೂ ಹೇಳಿಬಿಟ್ಟ. ಕಂಪನಿಯ ಫೋನಿನಲ್ಲಿ ಅವನು ಸ್ವಂತ ಮಾತಾಡಿದ್ದು ಅದೇ ಮೊದಲು.

"ನನ್ನ ಯಂತ್ರಕ್ಕೊಂದು ದಾರಿ ಕಾಣಿಸಲಿಲ್ಲ ನೀನು. ಈಗ ನಿನ್ನ ನಾಯಿಗೆ ನಾನು ದಾರಿ ತೋರಿಸಬೇಕು. ಎಲ್ಲಿ, ವಿಳಾಸ ಹೇಳು."

ಗ್ರಾಹಕರಿಗೆ ಸ್ವಂತ ವಿಳಾಸ ಕೊಡಕೂಡದೆಂದು ನಿಯಮವಿತ್ತು. ಕೊಟ್ಟ.

ಭಾನುವಾರ ಬಂದ ಬಕೆಟ್ ಅಮ್ಮನ ಚಪ್ಪಲಿ ಒದ್ದೆಯಾಗಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಫೋನಲ್ಲಿ ಇನ್ನೂ ದಪ್ಪಗಿದ್ದೆಯಲ್ಲೋ" ಎಂದರು. ಆಮೇಲೆ ಮರಿಯ ಕಡೆ ತಿರುಗಿ ಸಣ್ಣಗೆ ಕೆಮ್ಮಿದರು.

"ದಯವಿಟ್ಟು ಲೈನಿನಲ್ಲೇ ಇರಿ."

ಮರಿ ಕೂತಿತು. ಅದೇ ರಾಗ, ಅದೇ ಸಕ್ಕರೆ ಬೆರೆಸಿದ ಸುಳ್ಳು. ತನ್ನ ದನಿಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಫೋನಪ್ಪನ ಕಿವಿ ಬಿಸಿಯಾಯಿತು.

"ಕಾದು ಕಾದು ಬಾಯಿಪಾಠ ಆಗಿದೆ," ಎಂದರು ಬಕೆಟ್ ಅಮ್ಮ. "ಒಂದು ಜೀವಕ್ಕಾದ್ರೂ ಉಪಯೋಗಕ್ಕೆ ಬರಲಿ."

ಅಕ್ಕ ಕೇಳಲು ಹೇಳಿದ್ದ ಪ್ರಶ್ನೆಯೊಂದಿತ್ತು. ಅವನು ನೆಲ ನೋಡುತ್ತ ಕೇಳಿದ. "ಅಮ್ಮಾ, ಪ್ರೀತಿಯಿಂದ ನೋಡ್ಕೋತೀರಾ? ಆಮೇಲೆ ಬೇಡ ಅನ್ನಲ್ಲ ತಾನೇ?"

"ಸೋರೋ ಯಂತ್ರಾನೇ ಬಿಟ್ಟಿಲ್ಲ ನಾನು. ಉಸಿರಾಡೋದನ್ನ ಬಿಡ್ತೀನಾ?" ಎಂದು ಆಕೆ ಮರಿಯನ್ನು ಎತ್ತಿಕೊಂಡರು. ರಜೆಯ ಮೇಲಿದ್ದ ಕಿವಿಯನ್ನು ಬೆರಳಿಂದ ನಿಲ್ಲಿಸಿ ನೋಡಿದರು. ಅದು ಮತ್ತೆ ಬಿತ್ತು. "ಇರಲಿ ಬಿಡು" ಎಂದರು.

ಸೋಮವಾರ ಕಚೇರಿಯಲ್ಲಿ ಫೋನಪ್ಪ ಪೂರ್ತಿ ಪ್ಯಾಂಟು ತೊಟ್ಟು ಕೂತಿದ್ದ. ಹಿಂದೆ ಮೇಲ್ವಿಚಾರಕರು ಅಡ್ಡಾಡುತ್ತಿದ್ದರು. ಕರೆ ಬಂತು.

"ನಾನೇ. ಯಂತ್ರದ ವಿಷಯ ಅಲ್ಲ," ಎಂದರು ಬಕೆಟ್ ಅಮ್ಮ, ದನಿಯಲ್ಲಿ ಎಂದಿನ ಜೋರಿಲ್ಲ. "ಇವನು ನಿನ್ನೆಯಿಂದ ಏನೂ ತಿಂದಿಲ್ಲ ಕಣೋ. ತಟ್ಟೆ ಮುಂದೆ ಕೂತಿದಾನೆ. ಗಂಟಲು ಹರಿಯೋ ಹಾಗೆ ಧನ್ಯವಾದ ಹೇಳಿದೆ. ಅವನಿಗೆ ಅಸಲಿನೇ ಬೇಕು ಅನ್ಸುತ್ತೆ. ಸ್ಪೀಕರ್ ಹಾಕಿದೀನಿ, ಹೇಳು."

ಫೋನಪ್ಪ ಗಾಬರಿಯಿಂದ ಎದ್ದು ನಿಂತ. ಕೆಮ್ಮಿದ. "ನಿಮ್ಮ ತಾಳ್ಮೆಗೆ…" ಎಂದವನು ಅಲ್ಲೇ ನಿಲ್ಲಿಸಿದ. ಇನ್ನೊಮ್ಮೆ ಕೆಮ್ಮಿ, "ಧನ್ಯವಾದ" ಎಂದ.

ಆ ಕಡೆ ತಟ್ಟೆ ನೆಲದ ಮೇಲೆ ಸರಿದ ಸದ್ದು, ಲೊಚಲೊಚ ನೆಕ್ಕುವ ಸದ್ದು.

"ಗ್ರಾಹಕರು ಏನಂತಾರೆ?" ಎಂದರು ಮೇಲ್ವಿಚಾರಕರು.

"ಊಟ ಮಾಡ್ತಿದಾರೆ ಸಾರ್."

ಹೆಡ್‌ಫೋನಿನಲ್ಲಿ ಬಕೆಟ್ ಅಮ್ಮ ಮೂಗು ಒರೆಸಿಕೊಂಡಂತಾಯಿತು. "ಅವನು ತಿಂದು ಮುಗಿಸಲಿ, ಇನ್ನೊಂದು ಸಲ ಹೇಳುವೆಯಂತೆ. ಬಕೆಟ್ ತುಂಬಿದೆ, ಚೆಲ್ಲಿ ಬರ್ತೀನಿ," ಎಂದವರು ಸಣ್ಣಗೆ ಕೆಮ್ಮಿದರು. "ದಯವಿಟ್ಟು ಲೈನಿನಲ್ಲೇ ಇರಿ."

ಫೋನಪ್ಪ ಕೂತ.