ಹಲ್ಲಿನಲ್ಲಿ ಶ್ರುತಿ ಹಿಡಿಯುತ್ತಿದ್ದ ಸಾಬರು

ಅವರ ಮುಂದಿನ ನಾಲ್ಕು ಹಲ್ಲು ಎಲೆ ಅಡಿಕೆ ತಿಂದು ಇಟ್ಟಿಗೆ ಬಣ್ಣವಾಗಿದ್ದವು. ಆ ಹಲ್ಲುಗಳಿಂದ ವಾದ್ಯದ ಮರವನ್ನು ಕಚ್ಚಿ ಹಿಡಿದು, ಕಣ್ಣು ಮುಚ್ಚಿಕೊಂಡು ಮೀಟುತ್ತಿದ್ದರು. ಪಿಟೀಲಾದರೆ ಅದರ ತಲೆ, ಹಾರ್ಮೋನಿಯಂ ಆದರೆ ಪೆಟ್ಟಿಗೆಯ ಮೂಲೆ. ಗೊತ್ತಿಲ್ಲದವರು ನೋಡಿದರೆ ಹುಚ್ಚ ಅನ್ನಬೇಕು. ಅವರ ಕೈಯಿಂದ ಹೋದ ವಾದ್ಯಗಳಲ್ಲೆಲ್ಲ ಎಲ್ಲಾದರೂ ಒಂದು ಕಡೆ ನಾಲ್ಕು ಹಲ್ಲಿನ ಗುರುತು ಇರುತ್ತಿತ್ತು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಮರದ ನಡುಕ ಹಲ್ಲಿನಿಂದ ತಲೆಗೆ ಹತ್ತಬೇಕು, ಅಲ್ಲಿ ಅವರು ಶ್ರುತಿ ಹಿಡಿಯಬೇಕು.

ಇದು ಐವತ್ತರ ದಶಕದ ಮಾತು. ನಾನು ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಬಸ್ಸು ನಿಲ್ಲುವ ಕಡೆ ಇಡ್ಲಿ ಅಂಗಡಿ ಇಟ್ಟಿದ್ದೆ. ಗಂಡ ಬಿಟ್ಟು ಹೋಗಿದ್ದ. ನನ್ನ ಅಂಗಡಿಯ ಪಕ್ಕದ ಜಗಲಿಯೇ ಸಾಬರ ಅಂಗಡಿ. ಒಂದು ಹಲಗೆ, ಒಂದು ಗೋಣಿತಾಟು, ಒಂದು ತಗಡಿನ ಪೆಟ್ಟಿಗೆ. ಬೆಂಗಳೂರು ದಂಡಿನಲ್ಲಿ ಇಪ್ಪತ್ತು ವರ್ಷ ಬಿಳಿಯರ ವಾದ್ಯ ರಿಪೇರಿ ಮಾಡಿದವರು. ಬಿಳಿಯರು ಹೋದರು, ಕಿವಿಯೂ ಹೋಯಿತು, ಅಕ್ಕನ ಊರು ಅಂತ ಇಲ್ಲಿಗೆ ಬಂದರು. ಇಲ್ಲಿ ಯಾರು ವಾದ್ಯ ತರುತ್ತಾರೆ? ಬೀಗ, ಕೊಡೆ, ಸೀಮೆಎಣ್ಣೆ ಸ್ಟವ್ ಎಲ್ಲ ಮಾಡುತ್ತಿದ್ದರು.

ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ದೊಡ್ಡ ಮೀಸೆಯವರು ಬಂದರೆ ಕಷ್ಟ. ಅವರು ಏನು ಹೇಳಿದರೂ ಸಾಬರು "ಹೌದೌದು" ಅನ್ನುತ್ತಿದ್ದರು. ಒಮ್ಮೆ ಭೀಮನಬೀಡಿನ ಗೌಡರೊಬ್ಬರು ತಮ್ಮ ತಾಯಿ ತೀರಿಕೊಂಡದ್ದನ್ನು ಹೇಳಿದರೆ ಸಾಬರು ನಕ್ಕು "ಹೌದೌದು, ಒಳ್ಳೇದಾಯ್ತು" ಅಂದುಬಿಟ್ಟರು. ಆಮೇಲೆ ಮೀಸೆಯವರು ಬಂದಾಗ ನಾನು ಅವರ ಬೆನ್ನ ಹಿಂದೆ ನಿಂತು ಅದೇ ಮಾತನ್ನು ತುಟಿಯಲ್ಲಿ ಆಡಿ ತೋರಿಸುತ್ತಿದ್ದೆ.

ಕಿವಿಯ ವಿಷಯ ಎಷ್ಟು ದಿನ ಮುಚ್ಚಿಡಲಾಗುತ್ತದೆ? ಬೇಗೂರಿನ ಭಜನೆಯವರು ಕೊಟ್ಟ ಹಾರ್ಮೋನಿಯಂ ಅನ್ನು ಅರ್ಧ ಕೆಲಸದಲ್ಲೇ ವಾಪಸ್ ತೆಗೆದುಕೊಂಡು ಹೋದರು. ಹೊತ್ತುಕೊಂಡು ಹೋದವನು ನನ್ನ ಮುಂದೆಯೇ ಅಂದ:

"ಕಿವುಡ ಸುರುತಿ ಮಾಡದು, ಕುರುಡ ಸುಣ್ಣ ಬಳಿಯದು, ಎರಡೂ ಒಂದೇ ಕಣ್ಲಾ."

ಅವನಿಗೆ ಮೀಸೆ ಇರಲಿಲ್ಲ. ಸಾಬರು ಓದಿಕೊಂಡರು. ಸ್ಟವ್ವಿನ ಪಿನ್ನು ಹುಡುಕತೊಡಗಿದರು.

ಅದೇ ವರ್ಷ ಮಹಾನವಮಿಗೆ ಮುಂಚೆ ಒಂದು ಶುಕ್ರವಾರ ಊಟಿಗೆ ಹೋಗುವ ಬಸ್ಸಿನಿಂದ ಒಬ್ಬ ಇಳಿದ. ಬೆಂಗಳೂರಿನ ಕ್ರಿಸ್ತರವನು, ಬೆಟ್ಟದ ಮೇಲೆ ಕ್ಲಬ್ಬಿನಲ್ಲಿ ಬಾರಿಸುವವನು. ನುಣ್ಣಗೆ ಗಡ್ಡ ಮೀಸೆ ಬೋಳಿಸಿದ್ದ, ಸದ್ಯ. ಅವನ ಕೈಯಲ್ಲಿ ಒಂದು ಗಿಟಾರು. ನಾನು ಅಂಥದ್ದನ್ನು ಕಂಡಿರಲಿಲ್ಲ. ಬಸುರಿಯ ಹೊಟ್ಟೆಯ ಹಾಗೆ ಮುಂದುಗಡೆ ಉಬ್ಬಿತ್ತು. ನಡುವೆ ದುಂಡು ತೂತಿಲ್ಲ, ಪಿಟೀಲಿಗಿರುವ ಹಾಗೆ ಅಕ್ಕಪಕ್ಕ ಎರಡು ಬಳುಕಿನ ತೂತು. ಜಾಜ್ ಗಿಟಾರು ಅಂದ. ತಂತಿಗಳು ತುಕ್ಕು ಹಿಡಿದಿದ್ದವು.

"ಸಾಬ್, ನೀವು ದಂಡಿನಲ್ಲಿ ಇದ್ದಾಗ ನಮ್ಮಪ್ಪನ ವಾದ್ಯ ರಿಪೇರಿ ಮಾಡಿಕೊಟ್ಟಿದ್ರಿ. ಚಪ್ಪಟೆ ಸುತ್ತಿನ ತಂತಿ ಬೇಕು, ಮೇಲೆ ಸುತ್ತಿರೋ ಎಳೆ ಪಟ್ಟಿ ಥರಾ ನುಣ್ಣಗಿರಬೇಕು. ದುಂಡು ಸುತ್ತು ಬೆರಳು ಜಾರಿದಾಗ ಕಿರುಗುಟ್ಟುತ್ತೆ, ಬೆಟ್ಟದೋರು ನಗ್ತಾರೆ. ಬರೋ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಇಳೀತೀನಿ. ಇದು ಸರಿ ಬಂದ್ರೆ ನಮ್ಮ ಬ್ಯಾಂಡಿಂದು ಎಲ್ಲಾ ವಾದ್ಯ ನಿಮಗೇ."

ಸಾಬರು ಅವನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಬಸ್ಸು ಹೋದ ಮೇಲೆ ಎಲೆ ಉಗಿದು ನನಗೆ ಹೇಳಿದರು. "ಅವನಿಗೆ ಗೊತ್ತಿಲ್ಲ ಕಣಮ್ಮಿ. ಗೊತ್ತಾಗಾದೂ ಬ್ಯಾಡ. ಇದೊಂದು ಸರಿ ಬರಲಿ, ಸ್ಟವ್ ಮುಟ್ಟಾದು ಬುಡ್ತೀನಿ."

ಅಷ್ಟು ಆಸೆ ಅವರ ಮುಖದಲ್ಲಿ ನಾನು ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅವರ ನೆಂಟನೊಬ್ಬ ರೈಲಿನಲ್ಲಿ ಕೆಲಸಕ್ಕಿದ್ದ. ಬೆಂಗಳೂರಿನಿಂದ ತಂತಿ ತಂದು ಚಾಮರಾಜನಗರದ ಸ್ಟೇಷನ್ನಿನಲ್ಲಿ ಕೈಗೆ ಕೊಡುವುದೆಂದು ಮಾತಾಯಿತು. ಸೋಮವಾರ ಸಾಬರು ಗಿಟಾರನ್ನು ನನ್ನ ಅಂಗಡಿಯ ಒಳಗಿಟ್ಟು ಬಸ್ಸು ಹತ್ತಿದರು. ಅವತ್ತಿನ ರೈಲಿಗೆ ನೆಂಟ ಬರಲಿಲ್ಲವಂತೆ, ಇವರು ಅಲ್ಲೇ ಉಳಿದರು.

ಮಂಗಳವಾರ ಆಯುಧಪೂಜೆ. ಪ್ರತಿ ವರ್ಷ ನನ್ನ ಇಡ್ಲಿ ಪಾತ್ರೆ, ಒರಳು, ಮಚ್ಚು ತೊಳೆಯುವಾಗ ಅವರ ಸುತ್ತಿಗೆ, ಅರ, ಇಕ್ಕಳಗಳನ್ನೂ ತೊಳೆದು ಕುಂಕುಮ ಇಡುತ್ತಿದ್ದೆ. "ನಮ್ಮೋರು ನೋಡಿದ್ರೆ ನನ್ನ ಜಾತಿಯಿಂದ ಹೊರಗೆ ಹಾಕ್ತಾರೆ" ಎಂದು ನಗುತ್ತಿದ್ದರು, ಬೇಡ ಅನ್ನುತ್ತಿರಲಿಲ್ಲ. ಈ ಸಲ ಗಿಟಾರೂ ಇತ್ತು. ಮುಟ್ಟಬೇಡ ಎಂದು ಅವರು ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುವವಳಲ್ಲ.

ಹೇಗೂ ತಂತಿ ಬದಲಾಯಿಸುವುದಿದೆ, ಅವರಿಗೊಂದು ಕೆಲಸ ಕಡಿಮೆಯಾಗಲಿ ಎಂದು ಬಿರಡೆ ತಿರುಗಿಸಿ ಆರೂ ತಂತಿ ಬಿಚ್ಚಿದೆ. ತಂತಿಗಳ ಕೆಳಗೆ ಅವುಗಳನ್ನು ಎತ್ತಿ ಹಿಡಿದಿದ್ದ ಮರದ ತುಂಡು, ಅದಕ್ಕೆ ಕುದುರೆ ಅನ್ನುತ್ತಾರೆ, ಟಪ್ಪೆಂದು ಬಿತ್ತು. ಅಂಟು ಬಿಟ್ಟಿದೆ, ಸಾಬರು ಬಂದು ಹಚ್ಚುತ್ತಾರೆ ಅಂದುಕೊಂಡೆ. ಅಂಟುವಾಳದ ನೊರೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ. ಕೊಳೆ ಹೋಯಿತು. ಕುದುರೆ ನಿಂತಿದ್ದ ಕಡೆ ಎರಡು ಕಪ್ಪು ಕಲೆ ಮಾತ್ರ ಹೋಗಲಿಲ್ಲ. ನುಣ್ಣನೆಯ ಬೂದಿ ಹಾಕಿ ತಿಕ್ಕಿದೆ. ಹೋಯಿತು. ಕೊಬ್ಬರಿ ಎಣ್ಣೆ ಸವರಿ, ಚೆಂಡುಹೂವಿನ ಸರ ಹಾಕಿ, ಕುದುರೆಯನ್ನು ಸುತ್ತಿಗೆಯ ಪಕ್ಕ ತಟ್ಟೆಯಲ್ಲಿಟ್ಟು ಅದಕ್ಕೂ ಕುಂಕುಮ ಹಚ್ಚಿದೆ.

ಬುಧವಾರ ಸಂಜೆ ಸಾಬರು ತಂತಿಯ ಎರಡು ಪೊಟ್ಟಣ ಹಿಡಿದು ಬಂದರು. ಗಿಟಾರನ್ನು ನೋಡಿದವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಕುದುರೆ ಇದ್ದ ಜಾಗದಲ್ಲಿ ಅಂಗೈ ಇಟ್ಟರು.

"ಇಲ್ಲಿ ಕಾಲಿನ ಗುರುತು ಇತ್ತಲ್ಲ ಅಮ್ಮಿ, ಎಲ್ಲೋಯ್ತು?"

"ಬೂದಿ ಹಾಕಿ ತಿಕ್ದೆ."

"ಚೆನ್ನಾಗಿ ತಿಕ್ಕಿದ್ದೀಯ," ಅಂದರು.

ಬೈಯಲಿಲ್ಲ. ಆ ಜಾತಿಯ ಗಿಟಾರಿನಲ್ಲಿ ಕುದುರೆಗೆ ಅಂಟೇ ಇರುವುದಿಲ್ಲವಂತೆ. ತಂತಿಗಳ ಬಿಗಿಗೆ ಸುಮ್ಮನೆ ನಿಂತಿರುತ್ತದೆ. ಅದಕ್ಕೇ ಒಂದನ್ನು ಬಿಚ್ಚಿ ಒಂದನ್ನು ಕಟ್ಟಬೇಕು, ಒಟ್ಟಿಗೆ ಬಿಚ್ಚಬಾರದು. ಕುದುರೆ ಕೂದಲಷ್ಟು ಸರಿದರೂ ಕೆಳಗಿನ ಮೆಟ್ಟುಗಳಲ್ಲಿ, ಅಂದರೆ ಬೆರಳೊತ್ತುವ ಅಡ್ಡಪಟ್ಟಿಗಳಲ್ಲಿ, ಸ್ವರ ಕೆಡುತ್ತದೆ. ಕಾಲಿನ ಗುರುತಿದ್ದರೆ ಕಣ್ಣಲ್ಲೇ ನೋಡಿ ನಿಲ್ಲಿಸಬಹುದಿತ್ತು. ಈಗ ಕಿವಿಯಿಂದ ಹುಡುಕಬೇಕು.

ಮೊದಲು ತಂತಿ ಆರಿಸಿದರು. ಒಂದು ಪೊಟ್ಟಣದಲ್ಲಿ ದಪ್ಪನೆಯವು, ಇನ್ನೊಂದರಲ್ಲಿ ತೆಳ್ಳನೆಯವು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿ ಬೆರಳಿಗೆ ಸುತ್ತಿ ಎಳೆದು ಮೀಟಿದರು. ನನ್ನ ಉಗುರನ್ನೂ ತಂತಿಯ ಮೇಲೆ ಎಳೆಸಿದರು. ಹಳೆಯ ತಂತಿ ಗರಗಸದ ಹಾಗೆ ಕರ್ರ್ ಅಂದಿತು. ಹೊಸದರಲ್ಲಿ ಉಗುರು ಜಾರಿ ಹೋಯಿತು, ಸದ್ದೇ ಇಲ್ಲ.

"ದಪ್ಪಂದೇ ಹಾಕನ. ಇಷ್ಟು ಹೊಟ್ಟೆ ಇರೋನು ಸಣ್ಣ ತಂತಿಗೆ ಮಾತಾಡಕಿಲ್ಲ."

ಉಳಿದ ತುದಿ ಕತ್ತರಿಸಲು ನಾನು ಇಕ್ಕಳ ಕೊಡಹೋದರೆ ಕೈ ತಡೆದರು. ಮೊದಲು ಇಕ್ಕಳದಲ್ಲಿ ಮಡಿಸಬೇಕು, ಆಮೇಲೆ ಕತ್ತರಿಸಬೇಕು. ಮಡಿಸದೆ ಕತ್ತರಿಸಿದರೆ ಮೇಲಿನ ಚಪ್ಪಟೆ ಸುತ್ತು ಒಳಗೊಳಗೇ ಸಡಿಲವಾಗಿ ತಂತಿ ಸತ್ತುಹೋಗುತ್ತದೆ. "ಹೊರಗಿಂದ ನೋಡಿದ್ರೆ ಚೆನ್ನಾಗೇ ಇರ್ತದೆ, ಮೀಟಿದ್ರೆ ಕೊರಡು" ಅಂದರು.

ದಾರ ಹಿಡಿದು ಅಳೆದರು. ತಲೆಯ ಕಡೆಯಿಂದ ಹನ್ನೆರಡನೆಯ ಮೆಟ್ಟಿಗೆ ಎಷ್ಟೋ, ಅಲ್ಲಿಂದ ಕುದುರೆಗೂ ಅಷ್ಟೇ. ಆದರೆ ಅದು ಲೆಕ್ಕಕ್ಕೆ ಮಾತ್ರ. "ದಾರ ಊರು ತೋರಿಸ್ತದೆ, ಮನೆ ತೋರಿಸಕಿಲ್ಲ" ಎಂದು ಗಿಟಾರಿನ ತಲೆಯನ್ನು ಕಚ್ಚಿದರು. ಹನ್ನೆರಡನೆಯ ಮೆಟ್ಟಿನ ಮೇಲೆ ತಂತಿಯನ್ನು ಬೆರಳಿನಿಂದ ಸುಮ್ಮನೆ ಸವರಿ ಮೀಟಿದರೆ ಒಂದು ಸ್ವರ. ಅಲ್ಲೇ ಒತ್ತಿ ಮೀಟಿದರೆ ಒಂದು ಸ್ವರ. ಎರಡೂ ಒಂದೇ ಆದರೆ ಕುದುರೆ ಮನೆ ಸೇರಿತು.

ಕುದುರೆಯ ದಪ್ಪ ತಂತಿಗಳ ಕಡೆಯನ್ನು ಗುರುವಾರ ಮಧ್ಯಾಹ್ನದೊಳಗೆ ಹಲ್ಲಿನಲ್ಲೇ ಕೂರಿಸಿದರು. ಆ ಆರರಲ್ಲೂ ಸಣ್ಣವಾದ ಎರಡು ತಂತಿಗಳ ನಡುಕ ಹಲ್ಲಿಗೆ ಸಿಗಲಿಲ್ಲ. ಕಚ್ಚಿ ಕಚ್ಚಿ ವಸಡಿನಲ್ಲಿ ರಕ್ತ ಬಂತು. ಕೊನೆಗೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ನೀನು ಕೇಳು ಅಮ್ಮಿ. ಒಂದಾ ಎರಡಾ ಅಷ್ಟೇ ಹೇಳು."

"ನಂಗೇನ್ ಗೊತ್ತು ಸಾಬ್ರೇ? ಇಡ್ಲಿ ಬೆಂತಾ ಇಲ್ವಾ ಅಂದ್ರೆ ಹೇಳೇನು."

"ಬೆಂತಾ ಅಂತ್ಲೇ ಹೇಳು."

ಮೀಟಿದರು. ಎರಡು ಅಂದೆ. ಯಾವುದು ಮೇಲೆ ಅಂದರು. ಒತ್ತಿದ್ದು ಅಂದೆ. ಬೆರಳಿನ ಉಗುರಿನಲ್ಲಿ ಕುದುರೆಯನ್ನು ಹಿಂದಕ್ಕೆ ತಟ್ಟಿದರು. ಎರಡು. ಮತ್ತೆ ತಟ್ಟಿದರು. ಎರಡು. ಹೀಗೆ ಗುರುವಾರ ದೀಪ ಹಚ್ಚುವ ತನಕ, ಶುಕ್ರವಾರ ಬೆಳಿಗ್ಗೆ ಗಿರಾಕಿಗಳ ನಡುವೆ. ಅವರು ನನ್ನ ಕಿವಿ ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದರು. ಕೋರ್ಟಿನಲ್ಲಿ ನಿಂತವನು ಜಡ್ಜಿಯ ಬಾಯಿ ನೋಡುವ ಹಾಗೆ.

ಬಸ್ಸು ಬರುವ ಹೊತ್ತಾಯಿತು. ಇನ್ನೊಮ್ಮೆ ಮೀಟಿದರು. ಮೊದಲಿಗಿಂತ ಹತ್ತಿರ ಬಂದಿತ್ತು, ಆದರೆ ಎರಡೇ. ನನಗೆ ಸ್ಪಷ್ಟವಾಗಿ ಕೇಳಿಸಿತು.

"ಒಂದೇ," ಅಂದೆ.

ಕನಿಕರಕ್ಕೆ ಹೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಹಿಟ್ಟು ಹುಳಿಯಾಗುತ್ತಿತ್ತು. ಒಲೆ ಆರಿತ್ತು. ನನಗೆ ಸಾಕಾಗಿತ್ತು. ಅಷ್ಟೇ.

ಸಾಬರು ಕಣ್ಣು ಮುಚ್ಚಿ ಎರಡು ಕೈಯನ್ನೂ ಮುಖಕ್ಕೆ ಸವರಿಕೊಂಡರು.

ಬ್ಯಾಂಡಿನವನು ಇಳಿದ. ನಾಲ್ಕು ಇಡ್ಲಿ ತಿಂದು, ಕೈ ಒರೆಸಿಕೊಂಡು ನನ್ನ ಬೆಂಚಿನ ಮೇಲೆ ಕೂತು ನುಡಿಸಿದ. ದಪ್ಪ ತಂತಿಗಳಲ್ಲಿ ಆ ಗಿಟಾರು ಹೇಗೆ ನುಡಿಯಿತೆಂದರೆ, ಬಸ್ಸು ಒರೆಸುತ್ತಿದ್ದ ಕ್ಲೀನರು ಕೂಡ ಬಟ್ಟೆ ಹಿಡಿದು ನಿಂತ. ಬೆರಳು ಜಾರಿದರೆ ಕಿರುಗುಟ್ಟುವ ಸದ್ದಿಲ್ಲ. ಬ್ಯಾಂಡಿನವನು ತಲೆದೂಗಿದ. ಸಾಬರು ನನ್ನ ಕಡೆ ನೋಡಿದರು. ಆಮೇಲೆ ಅವನ ಬೆರಳು ಸಣ್ಣ ತಂತಿಗಳ ಮೇಲೆ ಕೆಳಗಿನ ಮೆಟ್ಟುಗಳಿಗೆ ಇಳಿಯಿತು. ಅನ್ನದಲ್ಲಿ ಕಲ್ಲು ಕಚ್ಚಿದವನ ಹಾಗೆ ಮುಖ ಮಾಡಿದ. ಅದೇ ಜಾಗವನ್ನು ಮತ್ತೆ ಮೀಟಿದ. ಸಾಬರ ಮುಖ ನೋಡಿದ. ಸಾಬರು ನಗುತ್ತಿದ್ದರು.

ಅವನು ಬಾಯಿ ಒರೆಸಿಕೊಳ್ಳುವವನ ಹಾಗೆ ಕರವಸ್ತ್ರವನ್ನು ತುಟಿಗೆ ಅಡ್ಡ ಹಿಡಿದು ಕೇಳಿದ. "ಸಾಬ್, ಇದು ಕೇಳಿಸ್ತಾ ಇದೆಯಾ ನಿಮಗೆ?"

"ಹೌದೌದು," ಅಂದರು ಸಾಬರು.

ಅವನು ಒಳ್ಳೆಯವನು. ಕೂಲಿ ಕೊಟ್ಟ, ಕೈ ಮುಗಿದ, ಗಿಟಾರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಕರವಸ್ತ್ರ ಅಡ್ಡ ಬಂದಾಗಲೇ, ಅವನು ತಮ್ಮ ಕಿವಿ ಪರೀಕ್ಷಿಸುತ್ತಿದ್ದಾನೆ ಎನ್ನುವುದು ಸಾಬರಿಗೆ ತಿಳಿಯಿತೆಂದು ನನಗನ್ನಿಸುತ್ತದೆ. ತುಟಿ ಕಾಣದ ಕಡೆಯಲ್ಲೇ ಅಲ್ಲವೇ ಅವರು ಹೌದೌದು ಅನ್ನುತ್ತಿದ್ದದ್ದು. ಬ್ಯಾಂಡಿನ ವಾದ್ಯಗಳು ಬರಲಿಲ್ಲ. ಬೇರೆ ಯಾವುದೂ ಬರಲಿಲ್ಲ.

ಅವತ್ತು ಸಂಜೆ ನಾನು ಒಲೆಯ ಮುಂದೆ ಕೂತಿದ್ದೆ. ಬೆನ್ನ ಹಿಂದೆ ಬಂದು ನಿಂತರು.

"ಅಮ್ಮಿ, ಸಣ್ಣ ತಂತಿ ಒಂದೇ ಆಗಿತ್ತಾ?"

ನಾನು ಒಲೆಯ ಕಡೆ ಮುಖ ಇಟ್ಟುಕೊಂಡೇ "ಎರಡು" ಅಂದೆ. ಅವರಿಗೆ ನನ್ನ ತುಟಿ ಕಾಣುವಂತಿರಲಿಲ್ಲ.

"ಇತ್ತ ತಿರುಗಿ ಹೇಳು."

ತಿರುಗಿದೆ. ಅವರ ವಸಡು ಊದಿಕೊಂಡಿತ್ತು.

"ಒಂದೇ ಆಗಿತ್ತು ಸಾಬ್ರೇ," ಅಂದೆ.

"ಹಂಗಾರೆ ಸರಿ ಬುಡು," ಎಂದು ಜಗಲಿಗೆ ಹೋದರು.

ಆಮೇಲೆ ಅವರು ಯಾವ ಮರವನ್ನೂ ಕಚ್ಚಿದ್ದನ್ನು ನಾನು ನೋಡಲಿಲ್ಲ. ಎರಡು ವರ್ಷ ಸ್ಟವ್ ಮಾಡಿದರು, ಕೊಡೆ ಮಾಡಿದರು. ನನ್ನ ಇಡ್ಲಿ ಪಾತ್ರೆಯ ಕಿವಿ ಕಿತ್ತು ಹೋದಾಗ ಬೆಸೆದುಕೊಟ್ಟರು. ಆಯುಧಪೂಜೆಗೆ ತಗಡಿನ ಪೆಟ್ಟಿಗೆಯನ್ನು ಮೊದಲಿನ ಹಾಗೆಯೇ ನನ್ನ ಮುಂದಿಡುತ್ತಿದ್ದರು. ಮಳೆಗಾಲದಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಹೆಣ ನನ್ನ ಅಂಗಡಿಯ ಮುಂದೆಯೇ ಹೋಯಿತು. ಹೆಂಗಸರು ಹಿಂದೆ ಹೋಗುವಂತಿಲ್ಲ. ಬಾಗಿಲಲ್ಲಿ ನಿಂತಿದ್ದೆ. ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ಆ ಗಿಟಾರಿನ ಹಳೆಯ ದುಂಡು ಸುತ್ತಿನ ತಂತಿಗಳನ್ನು ನಾನು ಬಿಸಾಕಿರಲಿಲ್ಲ. ಇಡ್ಲಿ ಬಟ್ಟೆ ಒಣಗಿಸಲು ಕಟ್ಟಿಕೊಂಡಿದ್ದೆ, ತುಕ್ಕು ಹಿಡಿದು ಬಿದ್ದುಹೋಗುವ ತನಕ ಇದ್ದವು. ನನ್ನ ಕೈಯಲ್ಲಿ ಆದ ತಪ್ಪು ಬೂದಿ ಹಾಕಿ ತಿಕ್ಕಿದ್ದಲ್ಲ. ಅದು ತಿಳಿಯದೆ ಆದದ್ದು. ಬದುಕಿನಲ್ಲಿ ಒಬ್ಬರು ನನ್ನ ಕಿವಿಯನ್ನು ನಂಬಿ ಕೇಳಿದರು, ಒಂದೇ ಒಂದು ಮಾತು. ಎರಡಾಗಿತ್ತು ಸಾಬ್ರೇ.