ತೊಗಲು ಸಾಗಿದ ಹಳ್ಳದ ಗುಂಟ

ಕಲಬುರಗಿಯಿಂದ ಬೆಳಿಗ್ಗೆ ಹೊರಟ ಹುಮನಾಬಾದ್ ಬಸ್ಸಿನಲ್ಲಿ ಆಧಾರ್ ತೋರಿಸಿ ಮಹಿಳೆಯರ ಉಚಿತ ಟಿಕೆಟ್ ಪಡೆದೆ. ಕಪನೂರಿನ ಕಾರ್ಖಾನೆಗಳು ಹಿಂದಾದ ಮೇಲೆ ಎರಡೂ ಬದಿಗೆ ತೊಗರಿ ಹೊಲಗಳು. ಕಮಲಾಪುರದಲ್ಲಿ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿ ತಿಂದು, ಆಟೋ ಹಿಡಿದು ಹಳ್ಳದ ದಂಡೆಯ ಕೇರಿಯೊಂದಕ್ಕೆ ಹೋದೆ.

ಈ ಹಳ್ಳವೇ ಒಂದು ಕಾಲಕ್ಕೆ ತೊಗಲಿನ ವ್ಯಾಪಾರದ ದಾರಿ. ಬೇಸಿಗೆಯಲ್ಲಿ ನೀರು ಬತ್ತಿದಾಗ ಗುಡ್ಡದ ಕುರುಚಲು ಕಾಡು, ಕೆರೆಗಳ ಕಡೆಯಿಂದ ಹಳ್ಳದೊಳಗೇ ಕತ್ತೆಗಳು ಬರುತ್ತಿದ್ದವಂತೆ: ಬೆನ್ನ ಮೇಲೆ ಆಡಿನ ತೊಗಲು, ನರಿ, ನೀರುನಾಯಿಗಳ ತುಪ್ಪಳದ ಚರ್ಮ. ಅವನ್ನು ಹದ ಮಾಡುತ್ತಿದ್ದವರ ಮೊಮ್ಮಗಳು, ಎಪ್ಪತ್ತು ದಾಟಿದ ಅಜ್ಜಿ, ನನಗೊಂದು ಹಾಸುಗಲ್ಲು ತೋರಿಸಿದರು.

“ನಮ್ಮಜ್ಜ ತೊಗಲ ಇದರ ಮ್ಯಾಲಿಟ್ಟು ದೂರ ಸರೀಬೇಕಿತ್ರಿ. ಸಾವಕಾರನ ಆಳು ನೀರ ಚಿಮುಕಿಸಿ ಎತ್ಕೊಂತಿದ್ದ.”

ಅದೇ ತೊಗಲು ಚಪ್ಪಲಿಯಾಗಿ ಸಾಹುಕಾರನ ಹೊಸ್ತಿಲವರೆಗೆ ಹೋಗುತ್ತಿತ್ತು. ಹದ ಮಾಡಿದವನಿಗೆ ಅಂಗಳಕ್ಕೂ ಪ್ರವೇಶವಿರಲಿಲ್ಲ. ಇದನ್ನು ಪದ್ಧತಿಯೆಂದು ಕರೆಯಲಾರೆ. ಇದು ಅಸ್ಪೃಶ್ಯತೆ.

“ಈಗ ಎಲ್ಲಾ ಓಣಿಯವರೂ ಇದರ ಮ್ಯಾಲ ಅರಿವಿ ಒಗೀತಾರ. ಕಲ್ಲಿನ ಜಾತಿ ತೊಳದು ಹೋತು ನೋಡ್ರಿ,” ಎಂದು ಅಜ್ಜಿ ನಕ್ಕರು.

ನಿಮ್ಮ ಹೆಸರು, ಭಾವಚಿತ್ರ ಹಾಕಿ ಲೇಖನ ಬರೆಯಲೇ ಎಂದು ಕೇಳಿದೆ. ನಗು ನಿಂತಿತು.

“ಕಲ್ಲಿಂದು ಬರೀರಿ. ನನ್ನ ಹೆಸರ ಬ್ಯಾಡ. ಮಗಳು ಕಲಬುರಗಿದಾಗ ಖಾನಾವಳಿ ಇಟ್ಟಾಳ. ಜಾತಿ ಗೊತ್ತಾದ್ರ ಯಾರ ಬರ್ತಾರ ಉಣ್ಣಾಕ?”

“ಹೆದರಿ ಮುಚ್ಚಿಟ್ಟರೆ ಅನ್ಯಾಯ ಹಾಗೇ ಉಳಿಯುತ್ತದಲ್ಲ, ಅವ್ವ?”

“ನೀವು ಬರದು ಬಸ್ ಹತ್ತತೀರಿ, ಬಾಯಾರ. ಒಲಿ ಆರೂದು ಅಕಿದು. ಹೋಗೂಮುಂದ ಅಲ್ಲೇ ಉಂಡ ಹೋಗ್ರಿ, ಪುಂಡಿಪಲ್ಲೆ ಚಲೋ ಮಾಡ್ತಾಳ.”

ಸಂಜೆ ನಗರಕ್ಕೆ ಮರಳಿ ಆ ಖಾನಾವಳಿಗೆ ಹೋದೆ. ಅದು ಯಾವ ರಸ್ತೆಯಲ್ಲಿದೆಯೆಂದು ಬರೆಯುವುದಿಲ್ಲ. ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಲೆ, ಶೇಂಗಾ ಹಿಂಡಿ. ಪಕ್ಕದಲ್ಲಿ ಉಣ್ಣುತ್ತಿದ್ದ ಇಬ್ಬರು ಪಲ್ಲೆ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದರು.

“ಎಲ್ಲಿಗಿ ಹೋಗಿದ್ರೀ ಅಕ್ಕಾರ, ಬಿಸಲಿಗಿ ಮಾರಿ ಹಿಂಗ ಸುಟ್ಟದ?” ಎಂದಳು ಮಗಳು.

“ಕಮಲಾಪುರದ ಕಡೆ.”

“ಅಯ್ಯ, ನಮ್ಮ ಕಡೀನೇ! ಯಾರ ಮನಿಗ್ರೀ?”

ಪಕ್ಕದವರು ತಲೆಯೆತ್ತಿದರು.

“ಯಾರ ಮನೆಗೂ ಇಲ್ಲ,” ಎಂದೆ. “ಹಳ್ಳ ನೋಡಲು ಹೋಗಿದ್ದೆ.”

“ಬತ್ತಿದ ಹಳ್ಳದಾಗ ನೋಡೂದೇನದ್ರೀ?” ಎನ್ನುತ್ತ ಆಕೆ ಇನ್ನೊಂದು ಬಿಸಿ ರೊಟ್ಟಿ ನನ್ನ ತಟ್ಟೆಗೆ ಹಾಕಿದಳು. ಪಕ್ಕದವರು ಮತ್ತೆ ಊಟಕ್ಕೆ ಬಾಗಿದರು.