ನಾಲ್ಕನೆಯ ಬೋಲ್ಟು

ಹಾರೂಗೇರಿಯ ಗ್ಯಾರೇಜುಗಳ ಮುಂದೆ ಹಾಯುವಾಗ, ಕಾದ ತುಕ್ಕಿನ ಮೇಲೆ ಚಿಮಣಿ ಎಣ್ಣೆ ಬಿದ್ದ ವಾಸನೆ ಮೂಗಿಗೆ ಬಡಿದರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಮೂಗು ಮುಚ್ಚಿಕೊಂಡು ಹೋಗುವವರನ್ನು ಕಂಡರೆ ನನಗೆ ಸಿಟ್ಟು. ಆ ವಾಸನೆಯೊಳಗೆ ಪಾಲಬಾವಿಯ ನಮ್ಮ ಅಂಗಳವಿದೆ, ಕಬ್ಬು ಹೇರುತ್ತಿದ್ದ ಹಳೇ ಲಾರಿಯಿದೆ.

ಅಪ್ಪ ಮತ್ತು ಕಾಕಾ ಆಗ ಬೇರೆಯಾಗುತ್ತಿದ್ದರು. ಹೊಲ, ದನ, ತಾಮ್ರದ ಹಂಡೆ ಎಲ್ಲ ಪಾಲಾಗಿತ್ತು. ಲಾರಿಯನ್ನು ಎರಡು ತುಂಡು ಮಾಡಲಾಗದೆ ಮಾರುವುದೆಂದಾಯಿತು. ಆದರೆ ಸೈಲೆನ್ಸರಿನ ಪೈಪು ಇಂಜಿನ್ನಿಗೆ ಕೂಡುವಲ್ಲಿ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು, ತಲೆ ಮುರಿದುಕೊಂಡು ಒಳಗೇ ಕೂತಿದ್ದವು. ಅವು ಹೊರಗೆ ಬಂದರೆ ಮಾತ್ರ ಒಯ್ಯುತ್ತೇನೆ ಎಂದಿದ್ದ ನಿಪ್ಪಾಣಿಯ ಗಿರಾಕಿ. ಒಬ್ಬ ಮುಟ್ಟಿದರೆ ಇನ್ನೊಬ್ಬನಿಗೆ ನಂಬಿಕೆಯಿಲ್ಲ, ಹಾಗಾಗಿ ಇಬ್ಬರೂ ಕೂಡಿಯೇ ಕೆಲಸಕ್ಕೆ ಇಳಿದರು. ಮಾತು ಮಾತ್ರ ಕಟ್ಟೆಯ ಮೇಲೆ ಕೂತ ಅವರ ತಾಯಿ, ನಮ್ಮ ಆಯಿಯ ಮೂಲಕ.

“ಅವ್ವಾ, ಅವಗ ಹೇಳು, ಮೊದಲ ಚೂರ ಬಿಗಿ ಮಾಡಿ ಆಮ್ಯಾಲ ಸಡ್ಲ ಮಾಡಂತ,” ಎನ್ನುತ್ತಿದ್ದ ಕಾಕಾ.

“ನನಗೂ ಕಿವಿ ಅದಾವಂತ ಹೇಳ ಬೇ,” ಎನ್ನುತ್ತಿದ್ದ ಅಪ್ಪ, ಒಂದು ಗೇಣು ದೂರದಿಂದ.

ಮುರಿದ ತುಂಡಿಗೆ ನಟ್ಟು ವೆಲ್ಡ್ ಮಾಡಿಸಿ, ಕಾಸಿ, ನಟ್ಟು ತಿರುಗಿಸುವ ಪಾನಾ ಹಾಕಿ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುವುದು. ಸಂಜೆ ಎಣ್ಣೆ ಹನಿಸಿ ಬೆಳಗಿನತನಕ ಇಂಗಲು ಬಿಡುವುದು. ಎಣ್ಣೆ ಹಾಕುವ ಕೆಲಸ ಆಯಿಯದು. ಒಂದು ವಾರದಲ್ಲಿ ಮೂರು ಬಂದವು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಅಪ್ಪನ ಬೆರಳ ಗೆಣ್ಣುಗಳು ಸುಲಿದುಹೋದವು. ಆದರೆ ಅದೇ ದಿನಗಳಲ್ಲಿ, “ಹುಷಾರ ಅಣ್ಣಾ, ಕೈ ಸುಡತೈತಿ,” ಎಂದು ಕಾಕಾ ನೇರವಾಗಿ ಅಂದುಬಿಟ್ಟ. ಅಪ್ಪ ತನ್ನ ಚಹಾದಲ್ಲಿ ಅರ್ಧ ಬಸಿಗೆ ಸುರುವಿ ಅವನತ್ತ ಸರಿಸಿದ. ಆಯಿ ಸೆರಗಿನೊಳಗೆ ನಕ್ಕಳು.

ಅಂದು ಸಂಜೆ ನೋಡಿದೆ, ಎಣ್ಣೆಯ ಡಬ್ಬಿ ತುಂಬಿದ ಹಾಗೇ ಇತ್ತು, ಬೋಲ್ಟು ಒಣಗಿತ್ತು. ವಯಸ್ಸಾಯಿತು, ಆಯಿಗೆ ಮರೆವು ಎಂದುಕೊಂಡೆ. ಅಪ್ಪನ ಬೆರಳು ನೆನೆದು ಇದ್ದಷ್ಟೂ ಎಣ್ಣೆ ಸುರುವಿದೆ. ಮೂರಕ್ಕೆ ತಪ್ಪದೆ ಹಾಕಿದವಳು ನಾಲ್ಕನೆಯದಕ್ಕೆ ಯಾಕೆ ಮರೆತಳೆಂದು ಒಂಬತ್ತು ವರ್ಷದ ತಲೆಗೆ ಹೊಳೆಯಲಿಲ್ಲ.

ಮರುದಿನ ಬೋಲ್ಟು ಕಿರ್ರೆಂದು ತಿರುಗಿತು. “ಬಂತು!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆಯಿ ಖಾಲಿ ಡಬ್ಬಿ ಅಲುಗಾಡಿಸಿ ನನ್ನತ್ತ ನೋಡಿದಳು.

“ನಾನ ಹಾಕೇನಿ ಆಯಿ,” ಎಂದೆ ಅವಳ ಕಿವಿಯಲ್ಲಿ, ಹೆಮ್ಮೆಯಿಂದ.

“ಇನ್ನೊಂದ ನಾಕ ದಿನಾ ತಡದಿದ್ರ ಇಬ್ರೂ ಕೂಡತಿದ್ರೇನೋ, ನನ್ನವ್ವ,” ಎಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಬೈಯಲಿಲ್ಲ.

ಲಾರಿ ಹೋಯಿತು, ಅದು ನಿಂತಿದ್ದ ಜಾಗದಲ್ಲಿ ಗೋಡೆ ಎದ್ದಿತು. ಈಗ ಆ ಮೂವರೂ ಇಲ್ಲ. ಆ ದಿನಗಳು ಮತ್ತೆ ಬೇಕು ಅನ್ನಿಸುತ್ತದೆ, ಬಹಳ ಬೇಕು ಅನ್ನಿಸುತ್ತದೆ. ಕೊನೆಯ ಬೋಲ್ಟು ತನ್ನ ಕೈಗುಣಕ್ಕೆ ಬಂತೆಂದು ಅಪ್ಪ ಗೋಡೆಯ ಈಚೆ, ಕಾಕಾ ಆಚೆ, ಇರುವತನಕ ಹೇಳಿಕೊಂಡರು. ಅದಕ್ಕೆ ಎಣ್ಣೆ ಹಾಕಿದವಳು ನಾನೆಂದು ಆಯಿ ಇಬ್ಬರಿಗೂ ಹೇಳಲಿಲ್ಲ.